ರಾಜೀನಾಮೆ ಬರೆದುಕೊಡಿ ಅಂತಿದ್ದಾರೆ, ಕೊಡಬೇಕಾ?

ಓದುಗರ ಪ್ರಶ್ನೆ: ನನಗೆ 54 ವರ್ಷ, ಇನ್ನು ಏಳು ವಾರಕ್ಕೆ 55 ತುಂಬುತ್ತದೆ. ಮಂಗಳೂರಿನ ಬೈಕಂಪಾಡಿಯ ಒಂದು ಖಾಸಗಿ ಕಂಪೆನಿಗೆ ಸೇರಿ 24 ವರ್ಷ 5 ತಿಂಗಳಾಯಿತು. ಸ್ಟೋರ್ಸಿಗೆ ಕ್ಲರ್ಕ್ ಆಗಿ ಬಂದವನು, ಈಗ ಹುದ್ದೆಯ ಹೆಸರು ಸೀನಿಯರ್ ಎಕ್ಸಿಕ್ಯೂಟಿವ್, ಪರ್ಚೇಸ್. ಒಟ್ಟು ಸಂಬಳ 62,000 ರೂ. ಅದರಲ್ಲಿ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 31,000. ಮೊನ್ನೆ ಸೋಮವಾರ ಎಚ್‌ಆರ್‌ನವರು ಕರೆದು, ನಿಮ್ಮ ವಿಭಾಗದ ಕೆಲಸ ಇನ್ನು ಹೆಡ್ ಆಫೀಸಿನಲ್ಲೇ ನಡೆಯುತ್ತದೆ, ಈ ತಿಂಗಳ ಕೊನೆಯೊಳಗೆ ರಾಜೀನಾಮೆ ಕೊಟ್ಟರೆ ಎರಡು ತಿಂಗಳ ಸಂಬಳ, ಗ್ರಾಚುಟಿ ಎರಡೂ ಕೊಡುತ್ತೇವೆ ಎಂದರು. ಕೊಡದಿದ್ದರೆ ಏನು ಅಂತ ಹೇಳಲಿಲ್ಲ. ಟೈಪ್ ಮಾಡಿದ ಪತ್ರ ನನ್ನ ಬ್ಯಾಗಿನಲ್ಲಿದೆ. ಮನೆ ಸಾಲ 6.8 ಲಕ್ಷ ಬಾಕಿ, ತಿಂಗಳಿಗೆ 11,500 ಕಂತು. ಮಗ ಇಂಜಿನಿಯರಿಂಗ್ ಎರಡನೇ ವರ್ಷ. ನನಗೆ ಆರು ವರ್ಷದಿಂದ ಶುಗರ್. ಪಿಎಫ್‌ನಲ್ಲಿ 19 ಲಕ್ಷ ಉಂಟು. ಅದನ್ನು ತೆಗೆದು ಸುರತ್ಕಲ್‌ನಲ್ಲಿ ಐಸ್‌ಕ್ರೀಂ ಪಾರ್ಲರ್ ಹಾಕೋಣ ಅಂತ ಹೆಂಡತಿಯ ತಮ್ಮ ಹೇಳುತ್ತಾನೆ. ಈ ವಯಸ್ಸಿನಲ್ಲಿ ಬೇರೆ ಯಾರಾದರೂ ಕೆಲಸ ಕೊಡುತ್ತಾರಾ? ವಿಷಯ ಹೆಂಡತಿಗೆ ಮಾತ್ರ ಗೊತ್ತು. ಊರ ದೇವಸ್ಥಾನದ ಬ್ರಹ್ಮಕಲಶ ಸಮಿತಿಗೆ ನಾನೇ ಖಜಾಂಚಿ. 50,000 ಕೊಡುತ್ತೇನೆ ಅಂತ ಸಭೆಯಲ್ಲಿ ಮೈಕಿನಲ್ಲೇ ಹೇಳಿಯಾಗಿದೆ. ಈಗ ಆ ಕಡೆ ತಲೆ ಹಾಕಲು ಆಗುತ್ತಿಲ್ಲ. ರಾತ್ರಿ ನಿದ್ದೆಯೂ ಇಲ್ಲ.

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ನಾನು 28 ವರ್ಷ ಎಚ್‌ಆರ್ ವಿಭಾಗದಲ್ಲಿ ಇದ್ದವನು, ಹೆಚ್ಚಿನದ್ದು ದಕ್ಷಿಣ ಕನ್ನಡ, ಉಡುಪಿ ಈ ಎರಡು ಜಿಲ್ಲೆಗಳ ಕಾರ್ಖಾನೆಗಳಲ್ಲೇ. ನಿಮ್ಮ ಬ್ಯಾಗಿನಲ್ಲಿರುವಂಥ ಪತ್ರಗಳನ್ನು ಮೇಜಿನ ಆಚೆಯಿಂದ ಮುಂದಕ್ಕೆ ತಳ್ಳಿದವನೂ ಹೌದು. ಈಗ ನಿವೃತ್ತನಾಗಿ ಈಚೆ ಕಡೆಯವರ ಜೊತೆ ಕೂತು ಲೆಕ್ಕ ಹಾಕಿಕೊಡುತ್ತೇನೆ. ಆದ್ದರಿಂದ ಆ ಕೋಣೆಯಲ್ಲಿ ನಿಮಗೆ ಏನೆಲ್ಲ ಹೇಳಲಿಲ್ಲ ಎಂಬುದು ನನಗೆ ಸ್ವಲ್ಪ ಗೊತ್ತು.

ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆ ಉಂಟು. ಆದರೆ ತುರ್ತಾದದ್ದು ಒಂದೇ, ಆ ಪತ್ರ. ಪಾರ್ಲರ್, ಪಿಎಫ್, ಹೊಸ ಕೆಲಸ ಇದೆಲ್ಲ ಎರಡು ತಿಂಗಳು ಕಾಯಬಹುದು. ಸಹಿ ಹಾಕಿದ ಮೇಲೆ ಮಾತ್ರ ವಾಪಸ್ ಇಲ್ಲ. ಆದ್ದರಿಂದ ಹೆಚ್ಚಿನ ಮಾತು ಅದರ ಬಗ್ಗೆಯೇ ಆಡುತ್ತೇನೆ.

ನಿಮ್ಮ ಕೆಲಸ ಉಳಿಯುತ್ತದೆ ಅಂತ ನಾನು ಹೇಳುವುದಿಲ್ಲ. ವಿಭಾಗವನ್ನೇ ಎತ್ತಿಕೊಂಡು ಹೋಗುತ್ತಾರೆಂದರೆ ಅದು ಮೇಲಿನವರು ಯಾವತ್ತೋ ಮಾಡಿದ ತೀರ್ಮಾನ. ಕರೆದು ಹೇಳಿದ ಎಚ್‌ಆರ್ ಹುಡುಗನಿಗೂ ಅದನ್ನು ಬದಲಿಸಲು ಆಗುವುದಿಲ್ಲ. ಆದರೆ ನೀವು ಯಾವ ತಾರೀಕಿಗೆ ಹೊರಗೆ ಬರುತ್ತೀರಿ, ಕಾಗದದಲ್ಲಿ ಏನೆಂದು ಬರೆದುಕೊಂಡು ಬರುತ್ತೀರಿ ಎಂಬುದನ್ನು ಅವನು ಬದಲಿಸಬಲ್ಲ. ನಿಮ್ಮ ವಿಷಯದಲ್ಲಿ ಹಣ ಇರುವುದು ಅಲ್ಲೇ.

ಗ್ರಾಚುಟಿಯಿಂದ ಶುರು ಮಾಡೋಣ. ‘ರಾಜೀನಾಮೆ ಕೊಟ್ಟರೆ ಗ್ರಾಚುಟಿ ಕೊಡುತ್ತೇವೆ’ ಎಂಬ ಮಾತು ಕೇಳಲು ಉಪಕಾರದ ಹಾಗಿದೆ. ಉಪಕಾರ ಅಲ್ಲ. ಐದು ವರ್ಷ ದುಡಿದವರಿಗೆ ಗ್ರಾಚುಟಿ ಹಕ್ಕಿನ ಹಣ, 1972ರ ಕಾನೂನಿನಿಂದಲೂ ಹಾಗೆಯೇ. ನೀವೇ ಬಿಟ್ಟರೂ ಅವರೇ ತೆಗೆದರೂ ಕೊಡಲೇಬೇಕು. ದೊಡ್ಡ ದುರ್ನಡತೆಗೋ ಕಂಪೆನಿಗೆ ಮಾಡಿದ ನಷ್ಟಕ್ಕೋ ಡಿಸ್ಮಿಸ್ ಆದವರದ್ದನ್ನು ಮಾತ್ರ ಹಿಡಿಯಬಹುದು. ನಿಮ್ಮ ಮೇಲೆ ಅಂಥದ್ದೇನೂ ಇಲ್ಲ. ಲೆಕ್ಕ ಸರಳ. ಕೊನೆಯ ಬೇಸಿಕ್ ಮತ್ತು ಡಿಎಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿ. ನಿಮಗೆ ವರ್ಷಕ್ಕೆ 17,885 ರೂಪಾಯಿ ಬೀಳುತ್ತದೆ. 24 ವರ್ಷಕ್ಕೆ ಸುಮಾರು 4.29 ಲಕ್ಷ. 20 ಲಕ್ಷದ ಮಿತಿಯೊಳಗೆ ಇರುವುದರಿಂದ ತೆರಿಗೆಯೂ ಇಲ್ಲ. ಹಣ 30 ದಿನದೊಳಗೆ ಕೈಗೆ ಬರಬೇಕು. ತಡ ಮಾಡಿದರೆ ಬಡ್ಡಿ ಸೇರಿಸಿ ಕೊಡಬೇಕು.

ಎರಡನೆಯ ತಪ್ಪು ತಿಳುವಳಿಕೆ, ‘ಎಕ್ಸಿಕ್ಯೂಟಿವ್ ಆದ ಮೇಲೆ ಕಾರ್ಮಿಕ ಕಾನೂನು ನಮಗಿಲ್ಲ’ ಎಂಬುದು. ಇದನ್ನು ನಾನೇ ಎಷ್ಟು ಜನರಿಗೆ ಹೇಳಿದ್ದೇನೋ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನ್ಯಾಯಾಲಯಗಳು ಹುದ್ದೆಯ ಹೆಸರು ನೋಡುವುದಿಲ್ಲ, ದಿನವಿಡೀ ಏನು ಕೆಲಸ ಮಾಡುತ್ತೀರಿ ಎಂಬುದನ್ನು ನೋಡುತ್ತವೆ. ನಿಮ್ಮ ಕೈಕೆಳಗೆ ಎಷ್ಟು ಜನ ಇದ್ದಾರೆ? ಅವರ ರಜೆ ಮಂಜೂರು ಮಾಡುವವರು ನೀವಾ? ಇಂತಿಷ್ಟು ಲಕ್ಷದ ಆರ್ಡರಿಗೆ ನಿಮ್ಮ ಸಹಿಯೇ ಸಾಕಾ? ಅಥವಾ ಕೊಟೇಶನ್ ತರಿಸುವುದು, ಸ್ಟಾಕ್ ಎಂಟ್ರಿ, ಇ-ವೇ ಬಿಲ್, ಸಪ್ಲೈಯರ್ ಜೊತೆ ಫೋನು, ಇಷ್ಟೇನಾ? ಇಷ್ಟೇ ಆದರೆ, ವಿಸಿಟಿಂಗ್ ಕಾರ್ಡಿನಲ್ಲಿ ಏನೇ ಇರಲಿ, ಕಾನೂನಿನ ಕಣ್ಣಿಗೆ ನೀವು ಕ್ಲರ್ಕ್ ಕೆಲಸ ಮಾಡುವ ನೌಕರ ಅಂತ ವಾದಿಸಲು ಜಾಗ ಉಂಟು.

ಅದರಿಂದ ಏನು ಪ್ರಯೋಜನ? ಕೆಲಸ ಇಲ್ಲವಾಯಿತು ಅಂತ ನೌಕರನನ್ನು ತೆಗೆಯುವುದಕ್ಕೆ ಛಾಟಣಿ ಎನ್ನುತ್ತಾರೆ. ಹಾಗೆ ತೆಗೆದರೆ ಒಂದು ತಿಂಗಳ ನೋಟಿಸ್ ಕೊಡಬೇಕು, ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರವಾಗಿ ಕೊಡಬೇಕು. ಇದು ಗ್ರಾಚುಟಿ ಅಲ್ಲದೆ, ಅದರ ಮೇಲೆ. 24 ವರ್ಷಕ್ಕೆ 360 ದಿನ, ಅಂದರೆ ಹೆಚ್ಚುಕಮ್ಮಿ ಒಂದು ವರ್ಷದ ಸಂಬಳ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಪ್ರಕಾರ ಲೆಕ್ಕಕ್ಕೆ ಹಿಡಿಯುವ ಸಂಬಳ ಒಟ್ಟು ಸಂಬಳದ ಅರ್ಧಕ್ಕಿಂತ ಕಡಿಮೆ ಇರುವ ಹಾಗಿಲ್ಲ. ನಿಮ್ಮ ಬೇಸಿಕ್, ಡಿಎ ಸರಿಯಾಗಿ ಅರ್ಧ. ಅದನ್ನೇ ಹಿಡಿದರೂ 3.72 ಲಕ್ಷ ಆಗುತ್ತದೆ. ಅವರು ಕೊಡುತ್ತೇನೆ ಅಂದ ಎರಡು ತಿಂಗಳ ಸಂಬಳ 1.24 ಲಕ್ಷ. ನೀವಾಗಿ ರಾಜೀನಾಮೆ ಕೊಟ್ಟರೆ ಈ ಪರಿಹಾರದ ಪ್ರಶ್ನೆಯೇ ಹುಟ್ಟುವುದಿಲ್ಲ. ಟೈಪ್ ಮಾಡಿದ ಪತ್ರವನ್ನು ಅವರೇ ತಯಾರಿಟ್ಟದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ?

ಹಾಗಾದರೆ ಸಹಿ ಹಾಕುವುದಿಲ್ಲ ಅಂತ ಕುಳಿತುಬಿಡುವುದಾ? ಅದೂ ಒಂದು ದಾರಿ. ಅದರ ಕಷ್ಟವನ್ನೂ ಹೇಳಬೇಕು. ಗುಜರಾತಿನ ಡಿಪೋಗೆ ವರ್ಗಾವಣೆ ಆದೇಶ ಬರಬಹುದು. ಹತ್ತು ವರ್ಷದ ಹಿಂದಿನ ಸ್ಟಾಕ್ ವ್ಯತ್ಯಾಸಕ್ಕೆ ಮೆಮೊ ಬರಬಹುದು. ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು, ಆದರೆ ಅಲ್ಲಿಂದ ಮುಂದೆ ಕೋರ್ಟಿಗೆ ಹೋದರೆ ನಿಮ್ಮ ಮಗನ ಡಿಗ್ರಿ ಮುಗಿದರೂ ಕೇಸು ಮುಗಿಯದಿರಬಹುದು. ಮತ್ತೆ ನಮ್ಮದು ಸಣ್ಣ ಊರು. ಬೈಕಂಪಾಡಿಯ ಎಚ್‌ಆರ್‌ನವರು ಒಬ್ಬರಿಗೊಬ್ಬರು ಫೋನು ಮಾಡಿ ‘ಇವ ಹೇಗೆ ಮಾರಾಯ?’ ಅಂತ ಕೇಳಿಯೇ ಕೇಳುತ್ತಾರೆ. ಅನ್ಯಾಯ ದೊಡ್ಡದಾಗಿದ್ದರೆ ಜಗಳ ಮಾಡಲೇಬೇಕು. ನಿಮ್ಮಲ್ಲಿ ಇನ್ನೂ ಅಲ್ಲಿವರೆಗೆ ಬಂದಿಲ್ಲ.

ನಾನು ಹೇಳುವುದು ಮೂರನೆಯ ದಾರಿ. ಅವರು ಕೊಡುವ ಎರಡು ತಿಂಗಳನ್ನು ಹಣವಾಗಿ ತೆಗೆದುಕೊಳ್ಳಬೇಡಿ, ದಿನವಾಗಿ ಕೇಳಿ. ‘ಎರಡು ತಿಂಗಳು ಕೆಲಸ ಮಾಡುತ್ತೇನೆ, ಹೆಡ್ ಆಫೀಸಿನವರಿಗೆ ಎಲ್ಲ ಒಪ್ಪಿಸಿ ಹೋಗುತ್ತೇನೆ, ಕೊನೆಯ ತಾರೀಕು ಅದಾದ ಮೇಲೆ ಇರಲಿ’ ಎನ್ನಿ. ಕಂಪೆನಿಗೆ ಖರ್ಚು ಅಷ್ಟೇ, ಕೆಲಸ ಬೇರೆ ಆಗುತ್ತದೆ. ಹೆಚ್ಚಿನವರು ಒಪ್ಪುತ್ತಾರೆ.

ನಿಮಗೆ ಏನು ಸಿಗುತ್ತದೆ ನೋಡಿ. ನಿಮ್ಮ ಸೇವೆ ಈಗ 24 ವರ್ಷ 5 ತಿಂಗಳು. ಕೊನೆಯ ವರ್ಷದಲ್ಲಿ ಆರು ತಿಂಗಳು ದಾಟಿದರೆ ಅದನ್ನು ಪೂರ್ತಿ ವರ್ಷವೆಂದೇ ಹಿಡಿಯಬೇಕು ಎಂಬುದು ಗ್ರಾಚುಟಿ ನಿಯಮ. ಎರಡು ತಿಂಗಳು ಹೆಚ್ಚು ಇದ್ದರೆ 25 ವರ್ಷದ ಲೆಕ್ಕ, ಸುಮಾರು 4.47 ಲಕ್ಷ. ಛಾಟಣಿ ಪರಿಹಾರಕ್ಕೂ ಇದೇ ಲೆಕ್ಕ, 25 ವರ್ಷಕ್ಕೆ ಸುಮಾರು 3.87 ಲಕ್ಷ.

ಆದರೆ ಅದು ಸಣ್ಣ ಲಾಭ. ದೊಡ್ಡದು ನಿಮ್ಮ ಹುಟ್ಟುಹಬ್ಬ. ಏಳು ವಾರ ಕಳೆದರೆ 55. ಪಿಎಫ್ ಮಂಡಳಿ 2025ರ ಅಕ್ಟೋಬರಿನಲ್ಲಿ ಹಣ ತೆಗೆಯುವ ನಿಯಮ ಬದಲಿಸಲು ತೀರ್ಮಾನಿಸಿತು. ಅದರಂತೆ ಸುಮ್ಮನೆ ಕೆಲಸ ಬಿಟ್ಟವರಿಗೆ 75 ಪರ್ಸೆಂಟ್ ಕೂಡಲೇ ಸಿಗುತ್ತದೆ, ಉಳಿದದ್ದಕ್ಕೆ 12 ತಿಂಗಳು ಕಾಯಬೇಕು. 55 ದಾಟಿ ನಿವೃತ್ತರಾದವರಿಗೆ ಆ ಕಾಯುವಿಕೆ ಇಲ್ಲ. ಛಾಟಣಿ ಆದವರಿಗೂ, ವಿಆರ್‌ಎಸ್ (ಸ್ವಯಂ ನಿವೃತ್ತಿ) ತೆಗೆದುಕೊಂಡವರಿಗೂ ಇಲ್ಲ. ‘ಸ್ವಂತ ಕಾರಣಕ್ಕೆ ರಾಜೀನಾಮೆ’ ಅಂತ 54ಕ್ಕೆ ಬರೆದುಕೊಟ್ಟವರು ಮಾತ್ರ ಕಾಯುವ ಸಾಲಿನಲ್ಲಿ ನಿಲ್ಲುತ್ತಾರೆ.

ಇನ್ನೊಂದು, ಹಿರಿಯ ನಾಗರಿಕರ ಉಳಿತಾಯ ಯೋಜನೆ. ಎಲ್ಲರೂ ಅದು 60 ಆದವರಿಗೆ ಅಂದುಕೊಂಡಿದ್ದಾರೆ. 55 ಆಗಿ ನಿವೃತ್ತಿ ಹೊಂದಿದವರೂ ಸೇರಬಹುದು. ನಿವೃತ್ತಿಯ ಹಣ ಕೈಗೆ ಬಂದ ಮೂರು ತಿಂಗಳೊಳಗೆ, ಆ ಹಣವನ್ನು ಮೀರದ ಮೊತ್ತಕ್ಕೆ, ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಖಾತೆ ತೆರೆಯಬೇಕು. ಮಿತಿ 30 ಲಕ್ಷ. 2023ರ ಏಪ್ರಿಲ್‌ನಿಂದ ಬಡ್ಡಿ 8.2 ಪರ್ಸೆಂಟ್, ಮೂರು ತಿಂಗಳಿಗೊಮ್ಮೆ ಖಾತೆಗೆ ಬೀಳುತ್ತದೆ. 9 ಲಕ್ಷ ಇಟ್ಟರೆ ಮೂರು ತಿಂಗಳಿಗೆ 18,450 ರೂ. ಇದಕ್ಕೆ ಕಂಪೆನಿಯಿಂದ ಒಂದು ಸರ್ಟಿಫಿಕೇಟ್ ಬೇಕು, ನಿವೃತ್ತಿಯ ವಿವರ ಮತ್ತು ಎಷ್ಟು ಹಣ ಕೊಟ್ಟೆವು ಎಂಬುದು ಅದರಲ್ಲಿರಬೇಕು. ‘ರಿಸೈನ್ಡ್’ ಅಂತ ಒಂದೇ ಶಬ್ದ ಬರೆದುಕೊಂಡು ಬಂದವರನ್ನು ಕೌಂಟರಿನಿಂದ ವಾಪಸ್ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ‘ಹುದ್ದೆ ರದ್ದಾದ ಕಾರಣ ಅವಧಿಗೆ ಮೊದಲು ನಿವೃತ್ತಿ’ ಎಂಬ ಒಂದು ಸಾಲು ಕೇಳಿ ಹಾಕಿಸಿಕೊಳ್ಳಿ. ಆ ಸಾಲು ಹಾಕಲು ಕಂಪೆನಿಗೆ ಒಂದು ಪೈಸೆ ಖರ್ಚಿಲ್ಲ.

ಮೂರನೆಯದು ನಿಮ್ಮ ಶುಗರ್. ಕೆಲಸ ಹೋದ ದಿನವೇ ಕಂಪೆನಿಯ ಗುಂಪು ವಿಮೆಯೂ ಹೋಗುತ್ತದೆ. ಇದನ್ನು ಮರೆತು ಪೇಚಿಗೆ ಬಿದ್ದವರನ್ನು ನೋಡಿದಷ್ಟು ಬೇರೆ ಯಾವುದರಲ್ಲೂ ನೋಡಿಲ್ಲ. ಅದೇ ವಿಮಾ ಕಂಪೆನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಅವಕಾಶ ಉಂಟು. ಹಾಗೆ ಬದಲಾದರೆ ಗುಂಪು ವಿಮೆಯಲ್ಲಿ ಕಳೆದ ವರ್ಷಗಳನ್ನು, ಹಳೆಯ ಕಾಯಿಲೆಗೆ ಹಣ ಕೊಡುವ ಮೊದಲು ಕಾಯಿಸುವ ಅವಧಿಯಿಂದ ಕಳೆಯುತ್ತಾರೆ. ಕೆಲಸ ಬಿಟ್ಟು ಆರು ತಿಂಗಳಾದ ಮೇಲೆ ಹೊಸದಾಗಿ ಮಾಡಿಸಲು ಹೋದರೆ, ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಅಥವಾ ಬೇಡವೇ ಬೇಡ ಅನ್ನಬಹುದು. ಆದ್ದರಿಂದ ಆ ಎರಡು ತಿಂಗಳ ಮೊದಲ ವಾರದಲ್ಲೇ ಎಚ್‌ಆರ್ ಹತ್ತಿರ ಪಾಲಿಸಿ ನಂಬರ್ ಕೇಳಿ ಅರ್ಜಿ ಹಾಕಿ. ಪ್ರೀಮಿಯಂ ಜಾಸ್ತಿ ಅನಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಅಷ್ಟೊಂದು ಉಳಿತಾಯ. ಶುಗರ್ ಇರುವುದನ್ನು ಮಾತ್ರ ಮುಚ್ಚಿಡಬೇಡಿ.

ಈಗ ಹೇಗೆ ಕೇಳುವುದು ಅಂತ. ಬಾಯಲ್ಲಿ ಮಾತಾಡಿ ಬನ್ನಿ, ಅದೇ ದಿನ ಸಂಜೆ ಈ-ಮೇಲ್ ಹಾಕಿ. ಸಿಟ್ಟು ಬೇಡ. ‘ಸೋಮವಾರ ನೀವು ಹೇಳಿದಂತೆ ನನ್ನ ಹುದ್ದೆ ರದ್ದಾಗುತ್ತಿದೆ. ನಾನಾಗಿ ಕೆಲಸ ಬಿಡುವ ಉದ್ದೇಶ ನನಗಿಲ್ಲ. ಕಂಪೆನಿಯ ತೀರ್ಮಾನವನ್ನು ಒಪ್ಪಿಕೊಂಡು ಹೋಗಲು ತಯಾರಿದ್ದೇನೆ, ಕೊನೆಯ ತಾರೀಕು ಮತ್ತು ಲೆಕ್ಕವನ್ನು ಬರಹದಲ್ಲಿ ಕೊಡಿ.’ ಇಷ್ಟು ಸಾಕು. ಈ ನಾಲ್ಕು ಸಾಲು ಮುಂದೆ ಎಲ್ಲಿ ಹೋದರೂ ನಿಮ್ಮ ಪರವಾಗಿ ನಿಲ್ಲುತ್ತದೆ. ಪರಿಹಾರದ ಮೊತ್ತ ಕೇಳಲು ನಾಚಿಕೆ ಪಡಬೇಡಿ. ಅವರು 3.87 ಲಕ್ಷ ಪೂರ್ತಿ ಕೊಡಲಿಕ್ಕಿಲ್ಲ, ನೀವು ನೌಕರ ಅಲ್ಲ ಎಂಬ ವಾದ ಅವರ ಹತ್ತಿರವೂ ಉಂಟು. ಎರಡಕ್ಕೂ ನಡುವೆ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ನಾನು ಆಚೆ ಕುಳಿತಾಗ, ಕೇಳಿದವರಿಗೆ ಕೊಡಲು ಒಂದಿಷ್ಟು ಹಣ ಯಾವಾಗಲೂ ಬದಿಗೆ ಇಟ್ಟಿರುತ್ತಿದ್ದೆವು. ಕೇಳದವರದ್ದು ಹಾಗೆಯೇ ಉಳಿಯುತ್ತಿತ್ತು. ಹೇಳಿಕೊಳ್ಳುವ ಸಂಗತಿ ಅಲ್ಲ, ಆದರೆ ನಿಜ.

ಯಾವುದಕ್ಕೂ ಒಪ್ಪದೆ ‘ಇವತ್ತೇ ಸಹಿ ಹಾಕಿ’ ಅಂತ ಕೂರಿಸಿದರೆ, ‘ವಕೀಲರಿಗೆ ತೋರಿಸಿ ನಾಳೆ ಬರುತ್ತೇನೆ’ ಎಂದು ಎದ್ದು ಬನ್ನಿ. ನಿಜವಾಗಿಯೂ ತೋರಿಸಿ. ಕಾರ್ಮಿಕ ವಿಷಯ ನೋಡುವ ವಕೀಲರು ಮಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ಒಂದು ಗಂಟೆಯ ಫೀಸು ಇಲ್ಲಿ ದುಬಾರಿ ಅಲ್ಲ.

ಹೊರಗೆ ಬರುವ ದಿನ ಕೈಯಲ್ಲಿ ಇರಬೇಕಾದ್ದು ರಿಲೀವಿಂಗ್ ಪತ್ರ, ಸೇವಾ ಪ್ರಮಾಣಪತ್ರ, ಕೊನೆಯ ಪೇ ಸ್ಲಿಪ್‌ಗಳು, ಉಳಿದ ರಜೆಯ ಹಣದ ಲೆಕ್ಕ. ಫಾರ್ಮ್ 16 ಆಮೇಲೆ ಬರುತ್ತದೆ, ಅದಕ್ಕೆ ಸ್ವಂತ ಈ-ಮೇಲ್ ವಿಳಾಸ ಕೊಟ್ಟು ಬನ್ನಿ. ಹೊಸ ಸಂಹಿತೆಯ ಪ್ರಕಾರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕು. ಪಿಎಫ್ ಪೋರ್ಟಲ್‌ನಲ್ಲಿ ನಿಮ್ಮ ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಉಂಟಾ, ನಾಮಿನಿ ಹಾಕಿದ್ದೀರಾ ಅಂತ ಈಗಲೇ ನೋಡಿ. ಇನಿಶಿಯಲ್‌ನ ಒಂದು ಚುಕ್ಕೆಗೆ ನಾಲ್ಕು ತಿಂಗಳು ಓಡಾಡಿದವರು ನನಗೆ ಗೊತ್ತು. ಏನಾದರೂ ಸಿಕ್ಕು ಇದ್ದರೆ, ಪಿಎಫ್‌ನವರು ಪ್ರತಿ ತಿಂಗಳ 27ಕ್ಕೆ ಜಿಲ್ಲೆಯಲ್ಲೇ ದೂರು ಕೇಳುವ ಶಿಬಿರ ಮಾಡುತ್ತಾರೆ, ಅಲ್ಲಿಗೆ ಹೋಗಿ.

ಹಾಗಂತ 19 ಲಕ್ಷವನ್ನೂ ತೆಗೆಯಿರಿ ಅಂತ ನಾನು ಹೇಳಲಿಲ್ಲ. ತೆಗೆಯುವ ಹಕ್ಕು ಕೈಯಲ್ಲಿರಲಿ ಅಂದೆ ಅಷ್ಟೇ. ಕೆಲಸ ಬಿಟ್ಟ ಕೂಡಲೇ ಪಿಎಫ್ ಬಡ್ಡಿ ನಿಲ್ಲುತ್ತದೆ ಅಂತ ಒಂದು ಮಾತು ಓಡಾಡುತ್ತದೆ, ಅದು ತಪ್ಪು. 55ರ ನಂತರ ನಿವೃತ್ತರಾದವರ ಖಾತೆಗೂ ಮೂರು ವರ್ಷ ಬಡ್ಡಿ ಬರುತ್ತದೆ. 2024-25ರಲ್ಲಿ ಅದು 8.25 ಪರ್ಸೆಂಟ್ ಇತ್ತು. ಕೆಲಸ ಬಿಟ್ಟ ನಂತರದ ಬಡ್ಡಿಗೆ ತೆರಿಗೆ ಉಂಟು, ಅದು ನೆನಪಿರಲಿ. ಜೊತೆಗೆ ಪಿಂಚಣಿ. ಹತ್ತು ವರ್ಷ ದಾಟಿದ್ದರಿಂದ 58ಕ್ಕೆ ನಿಮಗೆ ಪಿಂಚಣಿ ಬರುತ್ತದೆ. ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೆ 15,000ದ ಮಿತಿ ಇರುವುದರಿಂದ ದೊಡ್ಡ ಮೊತ್ತ ಅಲ್ಲ, ಅದರ ಮೇಲೆ ಕೋಟೆ ಕಟ್ಟಬೇಡಿ. 50 ದಾಟಿದವರು ಬೇಗನೆ ತೆಗೆದುಕೊಳ್ಳಬಹುದು, ಆದರೆ ಪ್ರತಿ ವರ್ಷಕ್ಕೆ 4 ಪರ್ಸೆಂಟ್ ಕಡಿತ, ಅದೂ ಜೀವಮಾನವಿಡೀ. ನಿಮಗೆ ಅದರ ಅಗತ್ಯ ಕಾಣುವುದಿಲ್ಲ.

ನಮ್ಮ ಮಲ್ಪೆ, ಬಂದರು ಕಡೆಯ ಮೊಗವೀರರ ಮನೆಗಳನ್ನು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ತಿರುಗಾಟದ ಕೊನೆಯ ದಿನವಾದ ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದರೆ ದೀಪಾವಳಿ ಕಳೆಯುವವರೆಗೆ ತಿರುಗಾಟ ಇಲ್ಲ. ಆದಾಯ ನಿಲ್ಲುವ ತಾರೀಕು ಅವರಿಗೆ ಮೊದಲೇ ಗೊತ್ತು, ಅದಕ್ಕೆ ಸರಿಯಾಗಿ ಮನೆ ನಡೆಸುತ್ತಾರೆ. ತಿಂಗಳ ಸಂಬಳದವರಾದ ನಮಗೆ ಈ ಅಭ್ಯಾಸವೇ ಇಲ್ಲ. ಹಾಗಾಗಿ ಹೆಂಡತಿ ಜೊತೆ ಒಂದು ಸಂಜೆ ಕೂತು, ತಿಂಗಳಿಗೆ ಎಷ್ಟು ಇಲ್ಲದಿದ್ದರೆ ಆಗುವುದೇ ಇಲ್ಲ ಅಂತ ಬರೆಯಿರಿ. ಅಕ್ಕಿ, ಮೀನು, ಕರೆಂಟು, ಕಂತು, ನಿಮ್ಮ ಮಾತ್ರೆ, ಮಗನ ಹಾಸ್ಟೆಲ್. ಹನ್ನೆರಡು ತಿಂಗಳಿಗೆ ಅಷ್ಟು ಹಣ ಯಾವಾಗ ಬೇಕಾದರೂ ತೆಗೆಯುವಂತೆ ಬ್ಯಾಂಕಿನಲ್ಲಿ ಬೇರೆ ಇಡಿ. ಗ್ರಾಚುಟಿ ಅದಕ್ಕೇ ಹೋಗಲಿ. ಮಗನ ಕಾಲೇಜು ಫೀಸಿಗೆ ಶೈಕ್ಷಣಿಕ ಸಾಲ ಮಾಡಲು ಹಿಂಜರಿಯಬೇಡಿ. ಸಾಮಾನ್ಯವಾಗಿ ಓದು ಮುಗಿದು ವರ್ಷವಾದ ಮೇಲೆ ಅದರ ಕಂತು ಶುರುವಾಗುತ್ತದೆ.

ಮನೆ ಸಾಲವನ್ನು ಒಮ್ಮೆಗೇ ತೀರಿಸಿ ನೆಮ್ಮದಿಯಾಗಿ ಇರೋಣ ಅಂತ ಎಲ್ಲರಿಗೂ ಅನಿಸುತ್ತದೆ. ಆರು ತಿಂಗಳು ಬೇಡ. ಕೈಯಲ್ಲಿ ಹಣ ಇದ್ದರೆ ಕಂತು ಕಟ್ಟಬಹುದು. ಸಾಲ ತೀರಿಸಿ ಕೈ ಖಾಲಿಯಾದರೆ, ಕೆಲಸ ಇಲ್ಲದವನಿಗೆ ಇನ್ನೊಂದು ಸಾಲ ಯಾರು ಕೊಡುತ್ತಾರೆ? ಆಮೇಲೆ ಸ್ವಲ್ಪ ಕಟ್ಟುವುದಾದರೆ ‘ಅವಧಿ ಇಳಿಸಬೇಡಿ, ಕಂತು ಇಳಿಸಿ’ ಅಂತ ಬರೆದುಕೊಡಿ. ಹೇಳದಿದ್ದರೆ ಸಾಮಾನ್ಯವಾಗಿ ಅವಧಿಯನ್ನೇ ಇಳಿಸುತ್ತಾರೆ, ಕಂತು ಅಷ್ಟೇ ಇರುತ್ತದೆ. ಬಡ್ಡಿ ಬದಲಾಗುವ ಮನೆ ಸಾಲಕ್ಕೆ ಮುಂಚಿತವಾಗಿ ಕಟ್ಟಿದ್ದಕ್ಕೆ ದಂಡ ಹಾಕುವಂತಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳದೆ ಇರಲಾರೆ. ನಿಮ್ಮ ಕೈಗೆ ಹಣ ಬಂದದ್ದು ನಿಮಗಿಂತ ಮೊದಲು ಊರಿಗೆ ಗೊತ್ತಾಗುತ್ತದೆ. ಪಾಲಿಸಿ ಮಾಡಿಸುವ ಅಕ್ಕ, ಸೊಸೈಟಿಯ ಡೈರೆಕ್ಟರ್, ದುಬೈಗೆ ವೀಸಾ ಕೊಡಿಸುವವರು, ಎಲ್ಲರೂ ಒಂದೇ ವಾರದಲ್ಲಿ ಮನೆಗೆ ಚಹಾಕ್ಕೆ ಬರುತ್ತಾರೆ. ನಮ್ಮ ಜಿಲ್ಲೆಯಲ್ಲಿ ಸಹಕಾರಿ ಸಂಘಗಳ ಹೆಸರು ಚೆನ್ನಾಗಿದೆ, ನನ್ನದೂ ಒಂದರಲ್ಲಿ ಠೇವಣಿ ಉಂಟು. ಆದರೆ ಬ್ಯಾಂಕಿನ ಠೇವಣಿಗೆ ಇರುವ 5 ಲಕ್ಷದ ವಿಮೆ ಸಹಕಾರಿ ಬ್ಯಾಂಕುಗಳಿಗೂ ಇದೆ, ಕ್ರೆಡಿಟ್ ಸೊಸೈಟಿಗಳಿಗೆ ಇಲ್ಲ. ಬೋರ್ಡಿನಲ್ಲಿ ‘ಬ್ಯಾಂಕ್’ ಅಂತ ಉಂಟಾ, ‘ಸೊಸೈಟಿ’ ಅಂತ ಉಂಟಾ ಓದಿ. ಒಂದು ಪರ್ಸೆಂಟ್ ಜಾಸ್ತಿ ಬಡ್ಡಿಗೆ ಗ್ರಾಚುಟಿಯ ಹಣ ಪೂರ್ತಿ ಅಲ್ಲಿ ಇಡಬೇಡಿ.

ಇನ್ನು ಐಸ್‌ಕ್ರೀಂ. ನಿಮ್ಮ ಭಾವಮೈದ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಮಂಗಳೂರಿನವರು ಐಸ್‌ಕ್ರೀಂ ತಿನ್ನುವುದರಲ್ಲಿ ಯಾರಿಗೂ ಕಡಿಮೆ ಇಲ್ಲ. ಆದರೆ ಇಲ್ಲಿ ಮಳೆ ಹಿಡಿದರೆ ಜೂನ್‌ನಿಂದ ಸೆಪ್ಟೆಂಬರ್ ತನಕ. ಆ ನಾಲ್ಕು ತಿಂಗಳು ಬಾಡಿಗೆ, ಫ್ರೀಜರಿನ ಕರೆಂಟು, ಹುಡುಗರ ಸಂಬಳ ಯಾವುದೂ ನಿಲ್ಲುವುದಿಲ್ಲ. 2000-01ರಲ್ಲಿ ಬ್ಯಾಂಕುಗಳಲ್ಲಿ ವಿಆರ್‌ಎಸ್ ಬಂದಾಗ ನಮ್ಮ ಬೀದಿಯಲ್ಲೇ ಮೂರು ಜನ ತೆಗೆದುಕೊಂಡಿದ್ದರು. ಒಬ್ಬರು ಅಂಗಡಿ ಹಾಕಿದರು, ಒಬ್ಬರು ಟೆಂಪೊ ಬಿಟ್ಟರು, ಒಬ್ಬರು ಏನೂ ಮಾಡದೆ ತೆಂಗಿನ ಬುಡಕ್ಕೆ ಗೊಬ್ಬರ ಹಾಕುತ್ತಾ ಉಳಿದರು. ಐದು ವರ್ಷ ಕಳೆದಾಗ ಹಣ ಉಳಿದದ್ದು ಗೊಬ್ಬರದವರದ್ದು. ಇದರಿಂದ ವ್ಯಾಪಾರವೇ ಕೆಟ್ಟದ್ದು ಅಂತ ಆಗುವುದಿಲ್ಲ. ಅಂಗಡಿಯವರಿಗೆ ಆ ವ್ಯಾಪಾರ ಗೊತ್ತಿರಲಿಲ್ಲ, ಅಷ್ಟೇ.

ಒಂದು ಪರೀಕ್ಷೆ ಮಾಡಿ. ಬೇರೆಯವರ ಪಾರ್ಲರಿನಲ್ಲಿ ಒಂದು ಮಳೆಗಾಲ ಭಾವಮೈದನೂ ನೀವೂ ನಿಂತು ಬನ್ನಿ. ರಾತ್ರಿ ಹತ್ತೂವರೆಗೆ ಗಲ್ಲಾ ಎಣಿಸುವವರು ಯಾರು, ಶುಗರ್ ಇರುವ ನೀವಾ? ಅವನದ್ದು ಎಷ್ಟು ಹಣ? ‘ನನ್ನದು ದುಡಿಮೆ, ನಿಮ್ಮದು ಬಂಡವಾಳ’ ಅಂದರೆ ಮುಳುಗುವುದು ಯಾರದ್ದು ಎಂಬುದು ಸ್ಪಷ್ಟ. ಇಷ್ಟೆಲ್ಲ ಆದ ಮೇಲೂ ಆಸೆ ಇದ್ದರೆ 19 ಲಕ್ಷದಲ್ಲಿ 3 ಲಕ್ಷಕ್ಕಿಂತ ಜಾಸ್ತಿ ಹಾಕಬೇಡಿ. ಅಷ್ಟಕ್ಕೆ ಅಂಗಡಿ ಆಗುವುದಿಲ್ಲ ಎಂದಾದರೆ, ಆ ಅಂಗಡಿ ನಿಮಗಲ್ಲ.

ಈ ವಯಸ್ಸಿನಲ್ಲಿ ಯಾರು ಕೆಲಸ ಕೊಡುತ್ತಾರೆ ಎಂದಿರಿ. ದೊಡ್ಡ ಕಂಪೆನಿಗಳು ಕೊಡುವುದಿಲ್ಲ, ನಾನೇ ಎಷ್ಟೋ ಅರ್ಜಿಗಳನ್ನು ಹುಟ್ಟಿದ ವರ್ಷ ನೋಡಿಯೇ ಬದಿಗೆ ಸರಿಸಿದ್ದೇನೆ. ಆನ್‌ಲೈನ್‌ನಲ್ಲಿ ನೂರು ಕಡೆ ಅರ್ಜಿ ಹಾಕಿ ಮನಸ್ಸು ಮುರಿದುಕೊಳ್ಳಬೇಡಿ. ಆದರೆ ನಿಮ್ಮ ಕೆಲಸ ಪರ್ಚೇಸ್. 24 ವರ್ಷದಿಂದ ಎಷ್ಟು ಸಪ್ಲೈಯರ್‌ಗಳ ನಂಬರ್ ನಿಮ್ಮ ಫೋನಿನಲ್ಲಿ ಉಂಟು? ಅವರಿಗೆ ನೀವು ಗೊತ್ತು. ಬಿಲ್ ಪಾಸು ಮಾಡಲು ಕೈ ಚಾಚಿದವರಾ, ಇಲ್ಲವಾ ಎಂಬುದು ಕೂಡ ಗೊತ್ತು. ಕೈ ಚಾಚಿಲ್ಲವಾದರೆ ಇವತ್ತು ಅದೇ ನಿಮ್ಮ ದೊಡ್ಡ ಸರ್ಟಿಫಿಕೇಟ್. ಯೆಯ್ಯಾಡಿಯಲ್ಲಿ, ಮುಲ್ಕಿಯ ಕಾರ್ನಾಡಿನಲ್ಲಿ, ಬೈಕಂಪಾಡಿಯಲ್ಲೇ, ಹದಿನೈದು ಇಪ್ಪತ್ತು ಜನರ ಸಣ್ಣ ಘಟಕಗಳು ಎಷ್ಟೋ ಇವೆ. ಗೇರುಬೀಜದ ಕಾರ್ಖಾನೆ, ಮೀನು ಸಂಸ್ಕರಣೆ, ಆಸ್ಪತ್ರೆಯ ಸ್ಟೋರ್ಸು, ಕಾಲೇಜಿನ ಖರೀದಿ ವಿಭಾಗ. ಇಲ್ಲಿ ಮಾಲೀಕರಿಗೆ ನಂಬಿಕೆಯ ಮನುಷ್ಯ ಬೇಕು. ಇಪ್ಪತ್ತೈದರ ಹುಡುಗ ಆರು ತಿಂಗಳಲ್ಲಿ ಬೆಂಗಳೂರಿಗೆ ಓಡುತ್ತಾನೆ ಎಂಬ ಬೇಸರ ಅವರಿಗೆ ಆಗಲೇ ಬಂದಿರುತ್ತದೆ.

ಸಂಬಳ 62,000 ಸಿಗಲಿಕ್ಕಿಲ್ಲ. 30 ಸಾವಿರದ ಆಸುಪಾಸು ಅಂದುಕೊಂಡು ಹೋಗಿ. ಕಡಿಮೆ ಸಂಬಳಕ್ಕೆ ಹೋದರೆ ಪಿಂಚಣಿ ಇಳಿಯುತ್ತದಾ ಎಂದು ಕೇಳುವವರಿದ್ದಾರೆ. ಪಿಎಫ್‌ಗೆ ಹಿಡಿಯುವ ಸಂಬಳ 15,000ಕ್ಕಿಂತ ಕೆಳಗೆ ಹೋಗದಿದ್ದರೆ ಚಿಂತೆ ಇಲ್ಲ. ಹೊಸ ಕಡೆಯೂ ಹಳೆಯ ಯುಎಎನ್ (ಪಿಎಫ್ ಗುರುತಿನ) ನಂಬರನ್ನೇ ಕೊಡಿ. ನಾನು ಇತ್ತೀಚೆಗೆ ಹೆಚ್ಚು ಹೇಳುವುದು ಇನ್ನೊಂದು ರೀತಿ. ಮೂರು ಸಣ್ಣ ಘಟಕಗಳಿಗೆ ವಾರದಲ್ಲಿ ಎರಡೆರಡು ದಿನ ಖರೀದಿ, ಸ್ಟಾಕ್ ನೋಡಿಕೊಡುವುದು. ಪೂರ್ಣಾವಧಿ ಪರ್ಚೇಸ್ ಆಫೀಸರ್ ಅವರಿಗೆ ಭಾರ, ಎರಡು ದಿನದವನು ಹಗುರ. ವರ್ಷಕ್ಕೆ 20 ಲಕ್ಷ ದಾಟುವವರೆಗೆ ಇಂಥ ಸೇವೆಗೆ ಜಿಎಸ್‌ಟಿ ನೋಂದಣಿಯೂ ಬೇಡ. ಒಬ್ಬರು ಬೇಡವೆಂದರೂ ಇಬ್ಬರು ಉಳಿಯುತ್ತಾರೆ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಕೈಗೆ ಹತ್ತಿರ ಇಲ್ಲದಿದ್ದರೆ ಈ ಎರಡು ತಿಂಗಳಲ್ಲಿ ಕಲಿಯಿರಿ. ಕಂಪೆನಿಯ ಗುರುತಿನ ಚೀಟಿ ಕುತ್ತಿಗೆಯಲ್ಲಿ ಇರುವಾಗಲೇ ಸಪ್ಲೈಯರ್‌ಗಳಿಗೆ ಫೋನು ಮಾಡಲು ಶುರು ಮಾಡಿ. ಕೆಲಸದಲ್ಲಿ ಇದ್ದವನಿಗೂ ಬಿಟ್ಟವನಿಗೂ ಆ ಕಡೆಯ ದನಿಯಲ್ಲಿ ವ್ಯತ್ಯಾಸ ಇರುತ್ತದೆ, ಏನು ಮಾಡುವುದು. ಕೆಲಸ ಕೊಡಿಸುತ್ತೇವೆ ಅಂತ ಮೊದಲೇ ಹಣ ಕೇಳುವವರ ಫೋನು ಮಾತ್ರ ಕೆಳಗಿಡಿ.

ನಿದ್ದೆಯ ವಿಷಯ ಡಾಕ್ಟರರಿಗೇ ಬಿಡುತ್ತೇನೆ. ಶುಗರ್ ಇರುವವರಿಗೆ ವಾರಗಟ್ಟಲೆ ನಿದ್ದೆ ಇಲ್ಲದಿರುವುದು ಸಣ್ಣ ಸಂಗತಿ ಅಲ್ಲ. ಮುಂದಿನ ಸಲ ತೋರಿಸಲು ಹೋದಾಗ ಕೆಲಸದ ವಿಷಯವನ್ನೂ ಹೇಳಿ. ಮಧ್ಯರಾತ್ರಿ ತಲೆ ತುಂಬಾ ಕೆಟ್ಟ ಯೋಚನೆ ಬಂದರೆ 14416, ಟೆಲಿ-ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕೊನೆಗೆ ಬ್ರಹ್ಮಕಲಶ. ನಿಜ ಹೇಳಬೇಕಾದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಸಾಲು. ಮಗನಿಗೆ ಇವತ್ತೇ ಹೇಳಿ, ಇಪ್ಪತ್ತು ವರ್ಷದವನು, ಬೇರೆಯವರಿಂದ ತಿಳಿಯುವುದು ಬೇಡ. ಆಮೇಲೆ ಸಮಿತಿಯ ಅಧ್ಯಕ್ಷರ ಮನೆಗೆ ನೀವೇ ಹೋಗಿ. ಸಭೆಯಲ್ಲಿ ಬೇಡ, ಮನೆಯಲ್ಲಿ. ‘ಕೆಲಸ ಹೋಗುತ್ತಾ ಉಂಟು, ಈ ವರ್ಷ 5,000 ಕೊಡುತ್ತೇನೆ, ಉಳಿದದ್ದು ಆದಾಗ. ಲೆಕ್ಕದ ಕೆಲಸ ಮಾತ್ರ ಮೊದಲಿಗಿಂತ ಜಾಸ್ತಿ ಸಮಯ ಕೊಟ್ಟು ಮಾಡುತ್ತೇನೆ’ ಎನ್ನಿ. ಕರಸೇವೆಗೂ ಹೊರೆಕಾಣಿಕೆಗೂ ಬೆಲೆ ಕೊಡುವ ಜಾಗ ಅದು. ಮತ್ತೆ, ಸಮಿತಿಯಲ್ಲಿ ಒಬ್ಬರಾದರೂ ಬೈಕಂಪಾಡಿಯಲ್ಲಿ ಘಟಕ ಇಟ್ಟವರು ಇರುತ್ತಾರೆ, ಅಡಗಿ ಕುಳಿತರೆ ಅವರಿಗೆ ನಿಮ್ಮ ವಿಷಯ ಗೊತ್ತಾಗುವುದಾದರೂ ಹೇಗೆ? 50,000ದ ಮಾತಿಗೆ ಅಷ್ಟೊಂದು ಹೆದರಬೇಡಿ ಮಾರಾಯ್ರೆ. ಮೈಕಿನಲ್ಲಿ ಹೇಳಿದ ಹಣದಲ್ಲಿ ಎಷ್ಟು ನಿಜವಾಗಿ ರಸೀದಿ ಪುಸ್ತಕಕ್ಕೆ ಬಂದಿದೆ ಅಂತ ಖಜಾಂಚಿಯಾದ ನಿಮಗೆ ನಾನು ಹೇಳಬೇಕಾ?